ತಿಳಿದೂ ಆಡಲಾರದ ಮಕ್ಕಳು

ಮಾತು ಬಾರದ ಮಗುವನ್ನು ಕಂಡೊಡನೆ ನಮ್ಮ ಜನರು ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬಂದುಬಿಡುವರು: ಮಗುವಿಗೆ ಕಿವಿ ಕೇಳದು, ಇಲ್ಲವೆ ಬುದ್ಧಿ ಸಾಲದು. ಇವೆರಡೂ ಅಲ್ಲದ ಮೂರನೆಯ ಕಾರಣವೊಂದುಂಟೆಂಬುದು ವಿದ್ಯಾವಂತರಲ್ಲಿಯೂ ಅನೇಕರಿಗೆ ತಿಳಿಯದು. ಕಿವಿ ಚೆನ್ನಾಗಿ ಕೇಳುತ್ತದೆ, ಹೇಳಿದುದು ಅರ್ಥವಾಗುತ್ತದೆ, ತಾನು ಹೇಳಬೇಕಾದುದೂ ಮನಸ್ಸಿನಲ್ಲಿದೆ, ನಾಲಗೆ ತುಟಿಗಳಲ್ಲಿ ಬಲವೂ ಇದೆ. ಆದರೂ ಮಾತು ಹೊರಡದು. ನಾಲಗೆ, ತುಟಿ, ದವಡೆಗಳು ಯಾವ ಕ್ರಮದಲ್ಲಿ, ಯಾವ ವೇಗದಲ್ಲಿ ಚಲಿಸಬೇಕೆಂಬ ಅಪ್ಪಣೆಯನ್ನು ಮಿದುಳು ಸರಿಯಾಗಿ ಜೋಡಿಸಿ ಕಳುಹಿಸಲಾರದು. ಇದಕ್ಕೆ ತಜ್ಞರು 'ಬಾಲ್ಯದ ವಾಕ್ ಅಪ್ರಾಕ್ಸಿಯಾ' ಎಂದು ಹೆಸರಿಟ್ಟಿದ್ದಾರೆ. ಸಾವಿರ ಮಕ್ಕಳಲ್ಲಿ ಒಬ್ಬಿಬ್ಬರಿಗೆ ಇದು ಇರಬಹುದೆಂದು ಅವರ ಅಂದಾಜು. ಸಂಖ್ಯೆ ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಲಕ್ಷ ಮಕ್ಕಳಿರುವ ಪ್ರಾಂತದಲ್ಲಿ ಅದು ನೂರಾರು ಮನೆಗಳ ಸಂಕಟವೆಂಬುದನ್ನು ಮರೆಯಬಾರದು.

ಈ ತೊಡಕಿನ ಲಕ್ಷಣವನ್ನು ಅರಿತುಕೊಳ್ಳುವುದು ಅವಶ್ಯ. ಮಗುವು 'ನೀರು' ಎಂಬ ಒಂದೇ ಪದವನ್ನು ಒಮ್ಮೆ 'ನೀ' ಎಂದೂ, ಮರುಕ್ಷಣ 'ದೀಲು' ಎಂದೂ, ಇನ್ನೊಮ್ಮೆ 'ಈಯು' ಎಂದೂ ಉಚ್ಚರಿಸುತ್ತದೆ. ಸಾಧಾರಣವಾದ ತೊದಲಿನಲ್ಲಿ ತಪ್ಪು ಬಹುಮಟ್ಟಿಗೆ ಒಂದೇ ಬಗೆಯದು. ಇಲ್ಲಿ ತಪ್ಪು ಪ್ರತಿಸಲವೂ ಬೇರೆಬೇರೆ. ಒಂದು ಅಕ್ಷರದಿಂದ ಮತ್ತೊಂದಕ್ಕೆ ಸಾಗುವಾಗ ತಡೆಯುಂಟಾಗುತ್ತದೆ; ಮಾತಿನ ಏರಿಳಿತವೂ ಸ್ವಾಭಾವಿಕವಾಗಿರುವುದಿಲ್ಲ. 2007ರಲ್ಲಿ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘವು ಮುಖ್ಯವೆಂದು ಎತ್ತಿ ಹೇಳಿದ ಗುರುತುಗಳು ಈ ಮೂರೇ. ಪದವು ಉದ್ದವಾದಷ್ಟೂ ಕಷ್ಟವು ಹೆಚ್ಚು. ಪ್ರತ್ಯಯಗಳನ್ನು ಪೋಣಿಸಿ 'ಹೋಗಬೇಕಾಗಿದೆ' ಎಂದು ಒಂದೇ ಉಸಿರಿಗೆ ನುಡಿಯುವ ನಮ್ಮ ಕನ್ನಡದಲ್ಲಿ ಅಂತಹ ಮಗುವಿನ ಪಾಡೇನೆಂಬುದನ್ನು ವಾಚಕರು ಊಹಿಸಬಲ್ಲರು.

ಮನೆಗಳಲ್ಲಿ ನಡೆಯುವುದೇನು? 'ಗಂಡುಮಗು, ಮಾತು ತಡ' ಎಂದು ಒಂದು ವರ್ಷ ಕಳೆಯುತ್ತದೆ. ನಾಲಗೆಗೆ ಬಜೆ ತೇಯ್ದು ಮತ್ತೊಂದು ವರ್ಷ. ಹರಕೆಗೆ ಇನ್ನಷ್ಟು ಕಾಲ. ಹಿರಿಯರ ಕಳಕಳಿಯನ್ನು ನಾವು ಹಳಿಯಲಾರೆವು. ಆದರೆ ತೊಡಕಿರುವುದು ನಾಲಗೆಯಲ್ಲಲ್ಲ, ನಾಲಗೆಯನ್ನು ನಡೆಸುವ ಯೋಜನೆಯಲ್ಲಿ. ಆದುದರಿಂದ ನಾಲಗೆಗೆ ಲೇಪಿಸುವ ಮದ್ದು ಅಲ್ಲಿಗೆ ಮುಟ್ಟಲಾರದು. ಬರಿದೇ ಗಾಳಿ ಊದಿಸುವ, ನಾಲಗೆಯನ್ನು ಅತ್ತಿತ್ತ ಹೊರಳಿಸುವ ಕಸರತ್ತುಗಳಿಂದಲೂ ಮಾತು ಬರುವುದೆಂಬುದಕ್ಕೆ ಆಧಾರವಿಲ್ಲ. ಮಾತು ಕಲಿಯಬೇಕಾದರೆ ಮಾತನ್ನೇ ಅಭ್ಯಾಸಮಾಡಬೇಕು.

ಈ ಚಿಕಿತ್ಸೆಯ ಮರ್ಮವು ಸಂಗೀತಾಭ್ಯಾಸದ ಮರ್ಮವೇ ಸರಿ. 'ಬಾ', 'ಹೂ', 'ಆನೆ' ಮೊದಲಾದ ಸಣ್ಣ ಪದಗಳನ್ನು ಆರಿಸಿಕೊಂಡು, ಚಿಕಿತ್ಸಕನು ತನ್ನ ಬಾಯಿಯ ಚಲನೆಯನ್ನು ಮಗುವಿಗೆ ಕಾಣುವಂತೆ ತೋರಿಸಿ, ಮೊದಲು ಜೊತೆಗೂಡಿ ನಿಧಾನವಾಗಿ ನುಡಿದು, ಬರುಬರುತ್ತ ತನ್ನ ನೆರವನ್ನು ತಗ್ಗಿಸಿ, ಒಂದೊಂದನ್ನೂ ಹತ್ತಾರು ಸಲ ಆಡಿಸಬೇಕು. ವಾರಕ್ಕೊಮ್ಮೆ ವೀಣೆ ಮುಟ್ಟಿದವನಿಗೆ ವೀಣೆ ಒಲಿಯದು. ತಿಂಗಳಿಗೊಮ್ಮೆ ಚಿಕಿತ್ಸಾಲಯಕ್ಕೆ ಹೋದ ಮಗುವಿಗೆ ಮಾತೂ ಒಲಿಯದು. ಆಸ್ಟ್ರೇಲಿಯದಲ್ಲಿ 4ರಿಂದ 12 ವರ್ಷದ 26 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಾರಕ್ಕೆ ನಾಲ್ಕು ದಿನದಂತೆ ಮೂರು ವಾರ ಚಿಕಿತ್ಸೆ ಕೊಡಲಾಯಿತು. ಹೋಲಿಸಿ ನೋಡಿದ ಎರಡು ಕ್ರಮಗಳಿಂದಲೂ ಮಕ್ಕಳ ಉಚ್ಚಾರವು ಉತ್ತಮಗೊಂಡಿತು. ಸಂಪೂರ್ಣ ಗುಣವಾಗುವುದೆಂದು ಯಾರೂ ಭರವಸೆ ಕೊಡಲಾರರು. ಕೊಡುವವರನ್ನು ನಂಬಲೂ ಕೂಡದು. ಆದರೆ ಒತ್ತೊತ್ತಾಗಿ, ಕ್ರಮವರಿತು ಅಭ್ಯಾಸ ನಡೆದರೆ ಫಲವುಂಟೆಂಬುದು ನಿಸ್ಸಂಶಯ.

ಇನ್ನು ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಈ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರೆಂದೇ ಹೇಳಬೇಕು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಡೀ ದೇಶಕ್ಕೆ ಈ ವಿದ್ಯೆಯಲ್ಲಿ ಗುರುಸ್ಥಾನದಲ್ಲಿದೆ. ಬೆಂಗಳೂರು, ಮಂಗಳೂರು, ಮಣಿಪಾಲ, ಧಾರವಾಡಗಳಲ್ಲಿಯೂ ಈ ವಿದ್ಯೆಯನ್ನು ಕಲಿಸುವ ಸಂಸ್ಥೆಗಳುಂಟು. ಆದರೆ ಬೀದರದ ತಾಯಿಗೆ ಮೈಸೂರು ಏಳುನೂರು ಕಿಲೋಮೀಟರಿಗೂ ಮಿಕ್ಕ ದೂರ. ವಾರಕ್ಕೆ ನಾಲ್ಕು ದಿನ ಬೇಕಾದ ಚಿಕಿತ್ಸೆಗೆ ಆಕೆ ವರ್ಷಕ್ಕೆ ನಾಲ್ಕು ಸಲ ಹೋಗಿಬಂದರೂ ಕೂಲಿ ಹೋಯಿತು, ಬಸ್ಸಿನ ಖರ್ಚು ಬಂದಿತು. ದೀಪವು ಉಜ್ವಲವಾಗಿದೆ, ನಿಜ; ಆದರೆ ಬೆಳಕು ಮೂಲೆಯ ಮನೆಗಳನ್ನು ಮುಟ್ಟದು.

ಮುಟ್ಟಿಸುವುದಕ್ಕೆ ಹೊಸ ಇಲಾಖೆಯನ್ನು ಸೃಷ್ಟಿಸಬೇಕಾಗಿಲ್ಲ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವಿಧಿಯಂತೆ ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಹೋಗಿ ಮಕ್ಕಳನ್ನು ಪರೀಕ್ಷಿಸಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಭಾಷೆಯ ಬೆಳವಣಿಗೆಯ ವಿಳಂಬವೂ ಸೇರಿದೆ. ತೊಂದರೆ ಕಂಡ ಮಕ್ಕಳನ್ನು ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಯೋಜನೆಯು ಕಾಗದದ ಮೇಲೆ ಉತ್ತಮವಾಗಿಯೇ ಇದೆ. ಆ ಕೇಂದ್ರದಲ್ಲಿ ಮಾತಿನ ಚಿಕಿತ್ಸಕರ ಹುದ್ದೆಯು ಖಾಲಿ ಬಿದ್ದಿದ್ದರೆ, ಅಥವಾ ಜಿಲ್ಲೆಗೆಲ್ಲ ಒಬ್ಬರೇ ಇದ್ದರೆ, ಮಗುವಿನ ಹೆಸರು ಪುಸ್ತಕಕ್ಕೆ ಏರಿತೆಂಬುದಷ್ಟೇ ಲಾಭ. ಪರೀಕ್ಷೆಮಾಡಿ ಚಿಕಿತ್ಸೆ ಕೊಡದಿರುವುದು ಹಸಿದವನಿಗೆ ಎಲೆ ಹಾಕಿ ಅನ್ನ ಬಡಿಸದಿರುವುದಕ್ಕೆ ಸಮಾನ.

ಕಾಯಿದೆಯ ಮಾತಿಗೆ ಬರೋಣ. 1995ರ ಕಾಯಿದೆಯಲ್ಲಿದ್ದ ಏಳು ಅಂಗವಿಕಲತೆಗಳ ಪಟ್ಟಿಯಲ್ಲಿ ಮಾತಿನ ತೊಂದರೆಯು ಇರಲೇ ಇಲ್ಲ. 2016ರ ಕಾಯಿದೆಯು ಆ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿ ವಾಕ್ ಮತ್ತು ಭಾಷಾ ವೈಕಲ್ಯವನ್ನು ಸೇರಿಸಿತು. ಇದು ಸಂತೋಷದ ಸಂಗತಿ. ಆದರೆ ಅದರ ವ್ಯಾಖ್ಯೆಯು 'ಶಾಶ್ವತ'ವಾದ ವೈಕಲ್ಯವನ್ನು ಮಾತ್ರ ಹೇಳುತ್ತದೆ. ಉದಾಹರಣೆಗೆ ಹೆಸರಿಸುವುದು ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡವರನ್ನೂ, ಮಿದುಳಿನ ಆಘಾತದಿಂದ ಭಾಷೆ ಕಳೆದುಕೊಂಡವರನ್ನೂ. ಇವೆರಡೂ ಹೆಚ್ಚಾಗಿ ವಯಸ್ಕರ ತೊಂದರೆಗಳು. ಚಿಕಿತ್ಸೆಯಿಂದ ಮುಂದುವರಿಯಬಲ್ಲ ಮಗುವು ಈ ಶಬ್ದದೊಳಗೆ ಸೇರುವುದೆಂತು? ಗುಣವಾಗುವ ಆಸೆಯಿದ್ದರೆ ನೆರವಿಲ್ಲ, ಆಸೆ ಬಿಟ್ಟ ಮೇಲೆ ನೆರವುಂಟು ಎಂದಂತಾಗಬಾರದು. ಅತ್ತ, 1999ರ ರಾಷ್ಟ್ರೀಯ ನ್ಯಾಸದ 'ನಿರಾಮಯ' ಆರೋಗ್ಯ ವಿಮೆಯು ಆಟಿಸಂ, ಮಿದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ, ಬಹುವೈಕಲ್ಯ ಎಂಬ ನಾಲ್ಕಕ್ಕೆ ಮಾತ್ರ ಮೀಸಲು. ಅಪ್ರಾಕ್ಸಿಯಾ ಒಂದೇ ಇರುವ ಮಗುವಿಗೆ ಅಲ್ಲಿಯೂ ಬಾಗಿಲು ಮುಚ್ಚಿದೆ.

ಶಾಲೆಯಲ್ಲಿಯೇ ಈ ಮಗುವಿಗೆ ಹೆಚ್ಚಿನ ಅನ್ಯಾಯವು ನಡೆಯುವ ಸಂಭವ. ಪಾಠ ಒಪ್ಪಿಸಲಾರದವನನ್ನು ದಡ್ಡರ ಸಾಲಿಗೆ ತಳ್ಳುವುದು ಸುಲಭ. ಆದರೆ ಅದೇ 2016ರ ಕಾಯಿದೆಯ 17ನೆಯ ಕಲಮು ಮಾತಿನ ತೊಂದರೆಯುಳ್ಳವರಿಗೆ ಮಾತಿಗೆ ಪೂರಕವಾದ ಬೇರೆ ಸಂವಹನ ಕ್ರಮಗಳನ್ನು ಪ್ರೋತ್ಸಾಹಿಸಬೇಕೆಂದು ಸರ್ಕಾರಕ್ಕೂ ಸ್ಥಳೀಯ ಅಧಿಕಾರಿಗಳಿಗೂ ವಿಧಿಸಿದೆ. ಚಿತ್ರಗಳ ಹಲಗೆ, ಕೈಸನ್ನೆ, ಬರೆದು ತೋರಿಸುವುದು, ಇವು ಮಗುವಿನ ಹಕ್ಕೇ ಹೊರತು ಉಪಾಧ್ಯಾಯರ ದಯೆಯಲ್ಲ. ಸನ್ನೆ ಕಲಿಸಿದರೆ ಮಗು ಮಾತನ್ನೇ ಬಿಟ್ಟುಬಿಡುವುದೆಂಬ ಭಯ ಅನೇಕ ತಾಯಿತಂದೆಗಳಲ್ಲಿದೆ. ಈವರೆಗಿನ ಸಂಶೋಧನೆಗಳು ಆ ಭಯವನ್ನು ಸಮರ್ಥಿಸುವುದಿಲ್ಲ. ಬೇಕಾದುದನ್ನು ಕೇಳಲಾರದೆ ಸಿಟ್ಟಿನಿಂದ ನೆಲಕ್ಕೆ ತಲೆ ಬಡಿಯುವ ಮಗುವಿಗೆ ಸನ್ನೆಯು ಶಾಂತಿಯನ್ನು ಕೊಡುವುದು. ಮಾತಿಗೂ ಅದು ಅಡ್ಡಬಾರದು.

ಆದಕಾರಣ ನಮ್ಮ ಸೂಚನೆಗಳಿಷ್ಟು. ಜಿಲ್ಲಾ ಕೇಂದ್ರಗಳ ಚಿಕಿತ್ಸಕರ ಹುದ್ದೆಗಳನ್ನು ತುಂಬಿ, ಅವರು ನಿಯತ ದಿನಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಬರುವಂತೆ ಏರ್ಪಡಿಸಬೇಕು. ಉಳಿದ ದಿನಗಳ ಅಭ್ಯಾಸಕ್ಕಾಗಿ ತಾಯಿತಂದೆಗಳಿಗೆ ತರಬೇತು ಕೊಡಬೇಕು. ದೂರದವರಿಗೆ ದೂರವಾಣಿಯ ದೃಶ್ಯಪಾಠದ ಸೌಕರ್ಯವನ್ನು ವಿಸ್ತರಿಸಬೇಕು. ಇಂಗ್ಲಿಷಿನ ಪದಪಟ್ಟಿಗಳನ್ನು ತಂದು ಕನ್ನಡದ ಮಗುವಿಗೆ ಹೊಂದಿಸದೆ, ಮನೆಮಾತಿನ ಪದಗಳಿಂದಲೇ ಅಭ್ಯಾಸದ ಪುಸ್ತಕಗಳನ್ನು ಸಿದ್ಧಪಡಿಸಬೇಕು. ಕಾಯಿದೆಯ 'ಶಾಶ್ವತ' ಎಂಬ ಶಬ್ದವು ಮಕ್ಕಳಿಗೆ ತಡೆಗೋಡೆಯಾಗದಂತೆ ಕೇಂದ್ರ ಸರ್ಕಾರವು ತಿದ್ದುಪಡಿಯನ್ನು ತರಬೇಕು.

ತಾಯಿತಂದೆಗಳಿಗೆ ಹೇಳಬೇಕಾದ ಮಾತು ಇನ್ನೂ ಸರಳ. ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ, ಆಮೇಲೆ ಮಾತಿನ ತಜ್ಞರ ಪರೀಕ್ಷೆ ಆಗಲೇಬೇಕು. ಮೂರು ವರ್ಷಕ್ಕೆ ಮುಂಚೆ ಅಪ್ರಾಕ್ಸಿಯಾ ಎಂದು ನಿಷ್ಕರ್ಷಿಸುವುದು ತಜ್ಞರಿಗೂ ಕಷ್ಟ. ಆದರೆ ನೆರವನ್ನು ಪ್ರಾರಂಭಿಸಲು ಹೆಸರು ಸಿಕ್ಕುವವರೆಗೆ ಕಾಯಬೇಕಾಗಿಲ್ಲ. ಕಲಿಯುವ ಬಾಲ್ಯವು ಕಾಯುತ್ತ ನಿಲ್ಲದು. ನುಡಿಯ ಅಭಿಮಾನವನ್ನು ಸಭೆಗಳಲ್ಲಿ ಮೆರೆಯುವ ನಾವು, ಆ ನುಡಿಯನ್ನು ಆಡಲು ಹೆಣಗುತ್ತಿರುವ ಮಕ್ಕಳ ಕಡೆಗೆ ಮೊದಲು ತಿರುಗುವುದು ಯುಕ್ತ. ಸರ್ಕಾರದವರೂ ಮಹಾಜನರೂ ಈ ಕಾರ್ಯದಲ್ಲಿ ತಡಮಾಡರೆಂದು ನಂಬಿದ್ದೇವೆ.