ವಿಧಿಯಿಲ್ಲದವರ ಶೋಕ

ತಿಥಿ, ತರ್ಪಣಗಳನ್ನು ತೊರೆದ ನಮ್ಮಂಥವರು ಸಾವಿನ ಮುಂದೆ ಏನು ಮಾಡಬೇಕು? ಪ್ರಗತಿಪರ ಬರವಣಿಗೆ ಈ ಪ್ರಶ್ನೆಯನ್ನು ಅಷ್ಟಾಗಿ ಎದುರಿಸಿಲ್ಲ. ಎದುರಿಸಿದ ಕೃತಿಯೊಂದು ನನಗೆ ದೊರೆತದ್ದು ಅನಿರೀಕ್ಷಿತ ಜಾಗದಲ್ಲಿ: ಲಾಸ್ ಏಂಜಲೀಸ್‌ನ ಪೋಸ್ಟ್-ಹಾರ್ಡ್‌ಕೋರ್ ತಂಡ ಟುಶೇ ಅಮೋರೆಯ 2016ರ ಆಲ್ಬಮ್ ‘ಸ್ಟೇಜ್ ಫೋರ್’ನಲ್ಲಿ.

ಹೆಸರು ಕ್ಯಾನ್ಸರಿನ ನಾಲ್ಕನೆಯ ಹಂತವನ್ನು ಸೂಚಿಸುತ್ತದೆ. ಇದು ತಂಡದ ನಾಲ್ಕನೆಯ ಆಲ್ಬಮ್ ಕೂಡ. 2014ರ ಅಕ್ಟೋಬರ್ 31ರಂದು ಗಾಯಕ ಜೆರೆಮಿ ಬೋಲ್ಮ್ ಫ್ಲಾರಿಡಾದಲ್ಲಿ ವೇದಿಕೆಯ ಮೇಲಿದ್ದಾಗ ಅವರ ತಾಯಿ ತೀರಿಕೊಂಡರು. ಸುದ್ದಿ ತಲುಪಿದ್ದು ಹಾಡಿ ಇಳಿದ ಮೇಲೆ, ಫೋನಿನಲ್ಲಿ. (ಅಂಥ ಕರೆಗೆ ನಡುರಾತ್ರಿ ಎದ್ದವರು ನಮ್ಮಲ್ಲಿ ಕಡಿಮೆಯಿಲ್ಲ.) ತಾಯಿ ದೈವಭಕ್ತೆ, ಮಗ ನಂಬದವರು. ಆಕೆಯ ನಂಬಿಕೆಯನ್ನು ಅವರು ಹಂಗಿಸುವುದಿಲ್ಲ. ಅದರಲ್ಲಿ ಆಶ್ರಯವನ್ನು ಬೇಡುವುದೂ ಇಲ್ಲ. ಕೊನೆಗಳಿಗೆಯಲ್ಲಿ ಹತ್ತಿರವಿರಲಿಲ್ಲವೆಂಬ ಅಳಲನ್ನು ಮಾತ್ರ ಗಂಟಲು ಹರಿಯುವಂತೆ, ಮತ್ತೆ ಮತ್ತೆ, ಹೇಳುತ್ತಾರೆ.

ಇದು ಬರಿಯ ಕಿರುಚಾಟ ಎನ್ನುವ ಗೆಳೆಯರಿದ್ದಾರೆ, ಅದೂ ಜನಪದದ ಬಗ್ಗೆ ಭಾಷಣ ಮಾಡುವವರು. ನಮ್ಮ ಹಳ್ಳಿಗಳಲ್ಲಿ ಹೆಣದ ಮುಂದೆ ಕುಳಿತು, ಸತ್ತವರ ಗುಣಗಳನ್ನು ಹೇಳಿ ಹಾಡಿಕೊಂಡು ಅಳುವ ಹೆಂಗಸರ ದನಿ ಇದಕ್ಕಿಂತ ಮೆದುವಾಗಿತ್ತೇ? ಆ ಅಳುವಿಗೆ ಪುರೋಹಿತರೇನೂ ಬೇಕಿರಲಿಲ್ಲ. ಮಂತ್ರ ಬೇಡವೆಂದದ್ದು ಸರಿ. ಅದರ ಜೊತೆಗೆ ಅಳುವೂ ಅಸಭ್ಯವಾದದ್ದು ಹೇಗೆ?

ತಾಯಿ ಕಳಿಸಿದ ಕೊನೆಯ ವಾಯ್ಸ್‌ಮೇಲನ್ನು ಬೋಲ್ಮ್ ಬಹುಕಾಲ ಕೇಳದೆ ಉಳಿಸಿಕೊಂಡಿದ್ದರು. ಆಲ್ಬಮ್ಮಿನ ಕೊನೆಯಲ್ಲಿ ಕೇಳಿಸುವುದು ಅದೇ. ಅದರಲ್ಲಿ ಆಶೀರ್ವಾದವಿಲ್ಲ, ವಿದಾಯವೂ ಇಲ್ಲ. ಔಷಧಿ ತರುವ ಬಗ್ಗೆ ಮನೆಮಂದಿ ಆಡುವಂಥ ಸಾಮಾನ್ಯ ಮಾತು.