ಅದಿರಿನ ಹಣದಲ್ಲಿ ಮಕ್ಕಳ ಪಾಲು

ಸಂಡೂರಿನ ಬೆಟ್ಟಗಳಿಂದ ಕಬ್ಬಿಣದ ಅದಿರು ಲಾರಿ ಹತ್ತಿದಾಗ ರಾಜ್ಯದ ಬೊಕ್ಕಸಕ್ಕೆ ರಾಜಧನ ಸೇರುತ್ತದೆ, ಜಿಲ್ಲೆಗೂ ಒಂದು ಪಾಲು ಉಳಿಯುತ್ತದೆ. ಗಣಿ ಮತ್ತು ಖನಿಜ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಪ್ರಕಾರ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಅಂದರೆ ಡಿಎಂಎಫ್‌ಗೆ, ಹಣ ಕಟ್ಟಬೇಕು. ಆ ವರ್ಷದ ಜನವರಿ 12ಕ್ಕೆ ಮೊದಲಿನ ಗುತ್ತಿಗೆಯಾದರೆ ರಾಜಧನದ ಶೇ 30ರಷ್ಟು, ಆಮೇಲೆ ಹರಾಜಿನಲ್ಲಿ ಪಡೆದದ್ದಾದರೆ ಶೇ 10ರಷ್ಟು. ಕರ್ನಾಟಕದಲ್ಲಿ ಅತಿ ಹೆಚ್ಚು ಡಿಎಂಎಫ್ ಹಣ ಸೇರುವುದು ಬಳ್ಳಾರಿಯ ಗಣಿಗಳಿಂದಲೇ. ಗಣಿಯಿಂದ ನೊಂದ ಜನರ ಹಿತಕ್ಕಾಗಿ ಮಾತ್ರ ಇದು ಖರ್ಚಾಗಬೇಕೆಂಬುದು ಕಾಯ್ದೆಯ ಮಾತು. ಆ ಜನರಲ್ಲಿ ಮೊದಲು ಬರಬೇಕಾದವರು ಸರ್ಕಾರಿ ಶಾಲೆಯ ಮಕ್ಕಳು. ಹಣ ಅವರ ಹೆಸರಿನಲ್ಲಿ ಖರ್ಚಾದರೆ ಸಾಲದು, ಅವರ ಕಲಿಕೆಗೆ ಖರ್ಚಾಗಬೇಕು.

ಇದರ ಜೊತೆಗೆ ಇನ್ನೊಂದು ದೊಡ್ಡ ನಿಧಿಯಿದೆ. ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ವರದಿ ಕೊಟ್ಟರು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ 2013ರ ಏಪ್ರಿಲ್‌ನಲ್ಲಿ ಬಂದ ತೀರ್ಪಿನ ನಂತರ, ಅದಿರು ಮಾರಾಟದ ಒಂದು ಪಾಲು ಹಾಗೂ ಪರಿಹಾರದ ಹಣ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಕೂಡತೊಡಗಿತು. ಅದರ ನಿರ್ವಹಣೆಗೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ, ಅಂದರೆ ಕೆಎಂಇಆರ್‌ಸಿ, ಹುಟ್ಟಿಕೊಂಡಿತು. ಹಣ ವರ್ಷಗಟ್ಟಲೆ ಖಾತೆಯಲ್ಲೇ ಬೆಳೆಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ತನ್ನ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲ್ವಿಚಾರಣೆಗೆ ನೇಮಿಸಿದ ಮೇಲೆಯೇ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ದಾರಿ ತೆರೆಯಿತು. ಗಣಿ ನಿಂತ ವರ್ಷ ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ದಾಟುವ ವಯಸ್ಸಿಗೆ ಬಂದಿತ್ತು.

ಈಗಿನ ವಿವಾದ ಹಣ ಇದೆಯೋ ಇಲ್ಲವೋ ಎಂಬುದಲ್ಲ, ಶಿಕ್ಷಣಕ್ಕೆಂದು ಇಟ್ಟ ಹಣ ಯಾವುದರ ಮೇಲೆ ಹೋಗಬೇಕು ಎಂಬುದು. ಡಿಎಂಎಫ್ ಹಣದ ಖರ್ಚಿಗೆ ಅನ್ವಯಿಸುವ ಪ್ರಧಾನ ಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ನಿಯಮಗಳಲ್ಲಿ ಕುಡಿಯುವ ನೀರು, ಆರೋಗ್ಯ, ಪರಿಸರದ ಜೊತೆ ಶಿಕ್ಷಣವೂ ಆದ್ಯತೆಯ ವಲಯ. ಈ ವಲಯಗಳಿಗೆ ಮೊದಲು ಕನಿಷ್ಠ ಶೇ 60ರಷ್ಟು ಮೀಸಲಿತ್ತು, 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಅದು ಶೇ 70ಕ್ಕೆ ಏರಿತು. ಆದರೆ ಶಿಕ್ಷಣ ಎಂಬ ತಲೆಬರಹದ ಕೆಳಗೆ ಕೊಠಡಿ, ಕಾಂಪೌಂಡ್, ಡೆಸ್ಕ್, ಸ್ಮಾರ್ಟ್ ಬೋರ್ಡ್ ಎಲ್ಲವೂ ಸೇರುತ್ತವೆ. ಕಾಮಗಾರಿಗೆ ಅಂದಾಜು ಪಟ್ಟಿ ಇರುತ್ತದೆ, ಟೆಂಡರ್ ಇರುತ್ತದೆ, ಉದ್ಘಾಟನೆಯೂ ಇರುತ್ತದೆ. ಹಣ ಬಳಕೆ ಪ್ರಮಾಣಪತ್ರ ಬರೆಯುವುದು ಸುಲಭ. ಮೂರನೇ ತರಗತಿಯ ಹುಡುಗಿಗೆ ಓದಲು ಕಲಿಸುವ ಕೆಲಸಕ್ಕೆ ಇವು ಯಾವುವೂ ಇಲ್ಲ. ಆದ್ದರಿಂದ ಯಾರ ದುರುದ್ದೇಶವೂ ಇಲ್ಲದೆಯೇ ಹಣ ಸಿಮೆಂಟಿನ ಕಡೆಗೆ ಹರಿಯುತ್ತದೆ. ಸೋರುವ ಸೂರು, ನೀರಿಲ್ಲದ ಶೌಚಾಲಯ ಇರುವ ಕಡೆ ಕಟ್ಟಡ ಬೇಕೇ ಬೇಕು. ಅದು ಮುಗಿದ ಮೇಲೂ ಅದನ್ನೇ ಮಾಡುತ್ತಾ ಹೋಗುವುದು ತಪ್ಪು.

ಈ ಸೀಮೆಯ ಮಕ್ಕಳ ಹಿಂದುಳಿಯುವಿಕೆಗೆ ಬೇರೆ ಬೇರೆ ಬೇರುಗಳಿವೆ. ಸಂಡೂರು ಮತ್ತು ಕಂಪ್ಲಿ ಎರಡೂ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ವಾಲ್ಮೀಕಿ ನಾಯಕರು, ಪರಿಶಿಷ್ಟ ಜಾತಿಗಳು, ಲಂಬಾಣಿಗರು ಇಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ತಾಂಡಾದ ಮಗು ಮನೆಯಲ್ಲಿ ಗೋರಬೋಲಿ ಆಡಿ ಶಾಲೆಗೆ ಬಂದು ಕನ್ನಡದಲ್ಲಿ ಅಕ್ಷರ ಕಲಿಯಬೇಕು. ಸುಗ್ಗಿ ಮುಗಿದು ತಂದೆ ತಾಯಿ ಕಬ್ಬು ಕಡಿಯಲು ಗುಳೆ ಹೊರಟರೆ ಮಗುವೂ ಹೊರಡುತ್ತದೆ, ತಿರುಗಿ ಬರುವಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತದೆ. ಗಣಿ ಕೂಲಿ ನಂಬಿದ್ದ ಮನೆಗಳಿಗೆ 2011ರಲ್ಲಿ ಒಮ್ಮೆಲೇ ದುಡಿಮೆ ತಪ್ಪಿತು. ಅದೇ ವರ್ಷದ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಕುಟುಂಬಗಳನ್ನೂ ತೆರವುಗೊಳಿಸಲಾಯಿತು. ಹೊಸಪೇಟೆಯ ಕೊಳೆಗೇರಿಗಳಲ್ಲಿ ದಿನಗೂಲಿಯ ಸಂಸಾರಗಳಿವೆ. ಕಾರಣ ಯಾವುದಾದರೂ ಪರಿಣಾಮ ಒಂದೇ: ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ, ಟ್ಯೂಷನ್‌ಗೆ ದುಡ್ಡಿಲ್ಲ, ಶಾಲೆ ಕೈಬಿಟ್ಟರೆ ಬೇರೆ ಗತಿಯಿಲ್ಲ.

ಶಾಲೆಗೆ ಹಣ ಹಂಚುವ ಪದ್ಧತಿಗೆ ಈ ವ್ಯತ್ಯಾಸವೇ ಕಾಣುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ತಲೆಯೆಣಿಕೆಯ ಮೇಲೆ ನಿಂತಿದೆ: 30 ಮಕ್ಕಳವರೆಗೆ ವರ್ಷಕ್ಕೆ 10 ಸಾವಿರ, 100 ಮಕ್ಕಳವರೆಗೆ 25 ಸಾವಿರ, 250ರವರೆಗೆ 50 ಸಾವಿರ ರೂಪಾಯಿ. ಓದುಬರಹ ಬಲ್ಲ ಪೋಷಕರ ಊರಿಗೂ, ಗುಳೆ ಹೋಗುವ ತಾಂಡಾಕ್ಕೂ ಒಂದೇ ಅಳತೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಐದು ತರಗತಿಗಳನ್ನು ಇಬ್ಬರೇ ನಡೆಸಬೇಕು. ಒಬ್ಬರು ತರಬೇತಿಗೋ ಗಣತಿಗೋ ಹೋದ ದಿನ ಐದೂ ತರಗತಿ ಒಬ್ಬರ ಪಾಲು. ಸಮಾನವಾಗಿ ಹಂಚುವುದೇ ನ್ಯಾಯ ಎಂಬ ನಂಬಿಕೆ ಇಲ್ಲಿ ಅನ್ಯಾಯವಾಗಿ ಪರಿಣಮಿಸಿದೆ. ಹೆಚ್ಚು ಹಿಂದುಳಿದ ಮಗುವಿಗೆ ಹೆಚ್ಚು ಹಣ ಸಿಗಬೇಕು.

ಹೆಚ್ಚು ಹಣ ಕೊಟ್ಟ ಮಾತ್ರಕ್ಕೆ ಕಲಿಕೆ ಹೆಚ್ಚುವುದಿಲ್ಲ ಎನ್ನುವವರ ವಾದದಲ್ಲಿ ಹುರುಳಿದೆ. ಇಂಡೊನೇಷ್ಯಾ 2005ರ ಕಾನೂನಿನಂತೆ ಅರ್ಹತಾ ಪ್ರಮಾಣಪತ್ರ ಪಡೆದ ಶಿಕ್ಷಕರ ಸಂಬಳವನ್ನು ಹೆಚ್ಚು ಕಡಿಮೆ ಎರಡು ಪಟ್ಟು ಮಾಡಿತು, ಮಕ್ಕಳ ಕಲಿಕೆ ಕದಲಲಿಲ್ಲ. ನೆರೆಯ ಆಂಧ್ರಪ್ರದೇಶದಲ್ಲಿ ಶಾಲೆಗಳಿಗೆ ನೋಟ್‌ಬುಕ್, ಕಲಿಕಾ ಸಾಮಗ್ರಿಗೆಂದು ಹಣ ಕೊಟ್ಟು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ಅಂಕಗಳು ಏರಿದವು. ಎರಡನೇ ವರ್ಷ ಹಣ ಬರುತ್ತದೆಂದು ಮೊದಲೇ ತಿಳಿದ ಪೋಷಕರು ತಮ್ಮ ಖರ್ಚು ಕಡಿಮೆ ಮಾಡಿಕೊಂಡರು, ಲಾಭ ಕರಗಿತು. ಇಂಗ್ಲೆಂಡ್ 2011ರಿಂದ ಬಡ ಮಕ್ಕಳ ಲೆಕ್ಕದಲ್ಲಿ ಶಾಲೆಗಳಿಗೆ ಹೆಚ್ಚುವರಿ ಹಣ ಕೊಡುತ್ತಿದೆ. ಕೆಲವು ಶಾಲೆಗಳು ಅದನ್ನು ಸರಿಯಾಗಿ ಬಳಸುತ್ತಿಲ್ಲವೆಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2015ರಲ್ಲಿ ಹೇಳಿತು.

ಆದರೆ ಹಣ ಕೆಲಸ ಮಾಡಿದ ಉದಾಹರಣೆಗಳೂ ಅಷ್ಟೇ ಸ್ಪಷ್ಟವಾಗಿವೆ. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರದಲ್ಲಿ ಪ್ರಥಮ್ ಸಂಸ್ಥೆ ಸ್ಥಳೀಯ ಯುವತಿಯರಿಗೆ ತರಬೇತಿ ಕೊಟ್ಟು, ಹಿಂದುಳಿದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಮೂಲಪಾಠ ಹೇಳಿಸಿತು. ತೀರಾ ಅಲ್ಪ ಖರ್ಚಿನಲ್ಲಿ ಕಲಿಕೆ ಗಣನೀಯವಾಗಿ ಸುಧಾರಿಸಿತು, ಅತಿ ಹಿಂದುಳಿದವರಿಗೇ ಹೆಚ್ಚು ಲಾಭವಾಯಿತು. ಅಮೆರಿಕದಲ್ಲಿ ನ್ಯಾಯಾಲಯಗಳ ಆದೇಶದಿಂದ ಶಾಲಾ ಅನುದಾನ ಹೆಚ್ಚಿದ ಕಡೆ ಬಡ ಮನೆಯ ಮಕ್ಕಳು ಹೆಚ್ಚು ವರ್ಷ ಓದಿ, ದೊಡ್ಡವರಾದ ಮೇಲೆ ಹೆಚ್ಚು ದುಡಿದರೆಂದು 2016ರ ಅಧ್ಯಯನ ತೋರಿಸಿತು. ಇವೆಲ್ಲ ಕಲಿಸುವ ಪಾಠ ಒಂದೇ. ಕಲಿಸುವ ಸಮಯವನ್ನು, ಕಲಿಸುವ ಕೈಗಳನ್ನು ಹೆಚ್ಚಿಸುವ ಹಣ ಫಲ ಕೊಡುತ್ತದೆ. ಈಗಾಗಲೇ ಆಗುತ್ತಿದ್ದ ಖರ್ಚಿನ ಜಾಗಕ್ಕೆ ಬಂದು ಕೂರುವ ಹಣ ಕೊಡುವುದಿಲ್ಲ.

ಬಳ್ಳಾರಿಯೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ತನ್ನದೇ ಅನುಭವವೂ ಇದೆ. 2021ರ ಡಿಸೆಂಬರ್‌ನಲ್ಲಿ ಈ ಭಾಗದ ಜಿಲ್ಲೆಗಳೂ ಸೇರಿದಂತೆ ಕೆಲವೆಡೆ ಬಿಸಿಯೂಟಕ್ಕೆ ಮೊಟ್ಟೆ ಸೇರಿದಾಗ ಕೆಲವು ಮಠಾಧೀಶರು ಬಲವಾಗಿ ವಿರೋಧಿಸಿದರು. ಯಾದಗಿರಿಯಲ್ಲಿ ಮೊಟ್ಟೆ ತಿಂದ ಮಕ್ಕಳನ್ನು ಗದಗಿನ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನ, ತೂಕ ಮತ್ತು ಬೆಳವಣಿಗೆಯಲ್ಲಿ ಸುಧಾರಣೆಯಾದುದನ್ನು ದಾಖಲಿಸಿತು. ಮೊಟ್ಟೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ನೇರವಾಗಿ ಮಗುವಿಗೆ ತಲುಪುವ ಖರ್ಚನ್ನು ಅಳೆಯಬಹುದು, ಅಳೆದದ್ದನ್ನು ಸಮರ್ಥಿಸಬಹುದು, ಸಮರ್ಥಿಸಿದ್ದನ್ನು ವಿಸ್ತರಿಸಬಹುದು. ಕಲಿಕೆಗೂ ಇದೇ ದಾರಿ.

ಈಗ ಸರ್ಕಾರ ಹಿಡಿದಿರುವ ದಾರಿ ದೊಡ್ಡ ಶಾಲೆಗಳದು. 500 ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಕಟ್ಟುವ ಯೋಜನೆ 2025–26ರ ಬಜೆಟ್‌ನಲ್ಲಿ ಬಂತು. ಒಂದೇ ಆವರಣದಲ್ಲಿ ಶಿಶುವಿಹಾರದಿಂದ ಪಿಯುಸಿವರೆಗೆ, ವಿಷಯಕ್ಕೊಬ್ಬ ಶಿಕ್ಷಕರು, ಪ್ರಯೋಗಾಲಯ ಸಿಗುವುದು ಒಳ್ಳೆಯದೇ. ಆದರೆ ಸುತ್ತಲಿನ ಸಣ್ಣ ಶಾಲೆಗಳನ್ನು ಅದರೊಳಗೆ ವಿಲೀನ ಮಾಡುವ ಆಲೋಚನೆಗೆ ವಿದ್ಯಾರ್ಥಿ ಸಂಘಟನೆಗಳು ಒಡ್ಡಿರುವ ಪ್ರತಿರೋಧ ನ್ಯಾಯವಾದದ್ದು. ಅದಿರಿನ ಲಾರಿ ಓಡುವ ರಸ್ತೆಯಲ್ಲಿ ಆರು ವರ್ಷದ ಮಗು ನಡೆದು ಹೋಗಲಾರದು. ಹೆಣ್ಣುಮಕ್ಕಳಿಗಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಬಸ್ಸೇ ಬಾರದ ತಾಂಡಾಕ್ಕೆ ನೆರವಾಗದು. ಶಾಲೆ ದೂರವಾದರೆ ಮೊದಲು ಬಿಡುವವರು ಹೆಣ್ಣುಮಕ್ಕಳು ಮತ್ತು ಗುಳೆಯ ಮನೆಯ ಮಕ್ಕಳು.

ಆದ್ದರಿಂದ ಡಿಎಂಎಫ್ ಮತ್ತು ಕೆಎಂಇಆರ್‌ಸಿಯ ಶಿಕ್ಷಣದ ಪಾಲಿನಲ್ಲಿ ಅರ್ಧದಷ್ಟನ್ನಾದರೂ ಕಲಿಕಾ ನಿಧಿಯೆಂದು ಬೇರೆ ತೆಗೆದಿಡಬೇಕು. ಅದನ್ನು ಕಾಮಗಾರಿಗೆ ಮುಟ್ಟಬಾರದು. ಹಂಚಿಕೆ ಮಗುವಿನ ಲೆಕ್ಕದಲ್ಲಿ ಆಗಬೇಕು. ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿಯುವವರಿಗೆ, ಗುಳೆ ಹೋಗುವ ಮನೆಯವರಿಗೆ, ಅಂಗವಿಕಲ ಮಕ್ಕಳಿಗೆ ಹೆಚ್ಚಿನ ತೂಕ ಸಿಗಬೇಕು. ಖರ್ಚಿನ ಪಟ್ಟಿ ಚಿಕ್ಕದಿರಲಿ: ಇಬ್ಬರೇ ಶಿಕ್ಷಕರಿರುವ ಶಾಲೆಗೆ ಮೂರನೆಯವರು, ಓದು ಮತ್ತು ಲೆಕ್ಕ ಹೇಳಿಕೊಡಲು ಅದೇ ಊರಿನ, ಮಗುವಿನ ಮನೆಮಾತು ಬಲ್ಲ ತರಬೇತಾದ ಯುವತಿ, ದೂರದ ಶಾಲೆಗೆ ವಾಹನ, ತಂದೆ ತಾಯಿ ಗುಳೆ ಹೋದ ತಿಂಗಳುಗಳಲ್ಲಿ ಮಗು ಊರಲ್ಲೇ ಉಳಿಯಲು ವಸತಿ. ನೇಮಕ ಜೂನ್ ಮೊದಲ ದಿನವೇ ಆಗಬೇಕು. 2025–26ರಲ್ಲಿ ಎರಡು ಸಾವಿರ ಏರಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12 ಸಾವಿರ ರೂಪಾಯಿ. ಅಷ್ಟರಲ್ಲಿ ಯಾರನ್ನೂ ಹಿಡಿದಿಡಲಾಗದು.

ಇದಕ್ಕೆ ಎರಡು ಆಕ್ಷೇಪಗಳಿವೆ. ಗಣಿ ಹಣ ಶಾಶ್ವತವಲ್ಲ, ಅದರಿಂದ ಸಂಬಳ ಕೊಡಬಾರದು ಎಂಬುದು ಮೊದಲನೆಯದು. ಅದಿರು ಮುಗಿಯುತ್ತದೆ, ನಿಜ. ಅದಕ್ಕಾಗಿಯೇ 2024ರ ಮಾರ್ಗಸೂಚಿ ದೊಡ್ಡ ಪ್ರತಿಷ್ಠಾನಗಳಿಗೆ ಒಂದು ಪಾಲನ್ನು ಮೂಲನಿಧಿಯಾಗಿ ಕೂಡಿಡಲು ಅವಕಾಶ ಕೊಟ್ಟಿದೆ. ಅದರ ಬಡ್ಡಿ ಮೊದಲು ಶಾಲೆಗೆ ಸಲ್ಲಲಿ. ಶಿಕ್ಷಕರನ್ನು ಕೊಡುವುದು ಸರ್ಕಾರದ ಹೊಣೆ, ಗಣಿ ಹಣ ಬಂದರೆ ಸರ್ಕಾರ ಕೈ ತೊಳೆದುಕೊಳ್ಳುತ್ತದೆ ಎಂಬುದು ಎರಡನೆಯದು. ಇದು ಇನ್ನೂ ಗಟ್ಟಿಯಾದ ಆಕ್ಷೇಪ, ಆಂಧ್ರದಲ್ಲಿ ಪೋಷಕರು ಮಾಡಿದ್ದನ್ನೇ ಇಲ್ಲಿ ಸರ್ಕಾರ ಮಾಡಬಹುದು. ಉತ್ತರ ನಿಯಮದಲ್ಲಿರಬೇಕು: ಮಂಜೂರಾದ ಹುದ್ದೆಗೆ ಈ ನಿಧಿಯಿಂದ ಒಂದು ರೂಪಾಯಿಯೂ ಹೋಗಕೂಡದು. ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇರುವ ಈ ಭಾಗದಲ್ಲಿ ಖಾಲಿ ಹುದ್ದೆಗಳನ್ನು ತುಂಬುವುದು ರಾಜ್ಯದ ಕರ್ತವ್ಯವಾಗಿಯೇ ಉಳಿಯಬೇಕು.

ಗಡಿಯ ಪ್ರಶ್ನೆಯೂ ಇದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಮತ್ತು ಹಂಪಿ ಅದಕ್ಕೆ ಸೇರಿದವು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಡಿಎಂಎಫ್ ನಿಯಮದಲ್ಲಿ ಗಣಿಯಿಂದ 15 ಕಿ.ಮೀ. ಒಳಗಿನದು ನೇರ ಬಾಧಿತ, 25 ಕಿ.ಮೀ.ವರೆಗಿನದು ಪರೋಕ್ಷ ಬಾಧಿತ. ಬತ್ತ, ಕಬ್ಬಿನ ಕಂಪ್ಲಿಯ ಕೂಲಿ ಮನೆಯ ಮಗು ಈ ಅಳತೆಯಿಂದ ಹೊರಗೆ ಬಿದ್ದರೂ ಅದರ ಕೊರತೆ ಕಡಿಮೆಯಾಗುವುದಿಲ್ಲ. ಅಲ್ಲಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಅದೇ ನಿಯಮದಲ್ಲಿ ಹೋಗಬೇಕು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91 ದಾಟಿದಾಗ ಕಲ್ಯಾಣ ಕರ್ನಾಟಕದ ಕಲಬುರಗಿಯದು ಶೇ 42ರ ಆಸುಪಾಸಿನಲ್ಲಿತ್ತು. ಈ ಕಂದಕ ಹತ್ತನೇ ತರಗತಿಯಲ್ಲಿ ಹುಟ್ಟಿದ್ದಲ್ಲ, ಎರಡು ಮೂರನೇ ತರಗತಿಯಲ್ಲಿ ಓದು ಬಾರದೆ ಮುಂದೆ ದಾಟಿಸಿದ ಮಕ್ಕಳಲ್ಲಿ ಹುಟ್ಟಿದ್ದು.

ಕೊನೆಯದಾಗಿ ಲೆಕ್ಕ. ಪ್ರತಿ ಶಾಲೆಗೆ ಬಂದ ಕಲಿಕಾ ನಿಧಿ ಎಷ್ಟು, ಯಾರ ಸಂಬಳಕ್ಕೆ ಹೋಯಿತು, ಜೂನ್‌ನಲ್ಲಿ ಎಷ್ಟು ಮಕ್ಕಳು ಕತೆ ಓದುತ್ತಿದ್ದರು, ಮಾರ್ಚ್‌ನಲ್ಲಿ ಎಷ್ಟು ಮಂದಿ ಓದಿದರು ಎಂಬುದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲೂ ಗ್ರಾಮಸಭೆಯಲ್ಲೂ ಓದಿ ಹೇಳಬೇಕು. ಡಿಎಂಎಫ್ ಆಡಳಿತ ಮಂಡಳಿಯಲ್ಲಿ ಕೂರುವ ಸಂಸದರು, ಶಾಸಕರು ಉತ್ತರ ಕೊಡಬೇಕಾದದ್ದು ಈ ಅಂಕಿಗಳಿಗೆ. ಸುಧಾರಣೆ ಕಾಣದ ಖರ್ಚನ್ನು ಮೂರು ವರ್ಷದಲ್ಲಿ ಬದಲಿಸಬೇಕು, ಕಂಡದ್ದನ್ನು ಹೆಚ್ಚಿಸಬೇಕು. ಬೆಟ್ಟದಿಂದ ಹೋದ ಅದಿರು ಮರಳುವುದಿಲ್ಲ. ಅದರ ಬೆಲೆಯಲ್ಲಿ ಸಂಡೂರು, ಕಂಪ್ಲಿ, ಹೊಸಪೇಟೆ, ಹಂಪಿಯ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕ ದಕ್ಕುವಂತೆ ಮಾಡುವುದು ಎರಡೂ ಜಿಲ್ಲಾಡಳಿತಗಳಿಗೆ ಸಾಧ್ಯವಿರುವ ಕೆಲಸ, ಮುಂದಿನ ವಾರ್ಷಿಕ ಯೋಜನೆಯಲ್ಲೇ ಆರಂಭವಾಗಬೇಕಾದ ಕೆಲಸ.