‘ಕೂಡದು’ ಎಂಬ ಮಾತಿಗೆ ಯಾವ ರಾಗ?

ಸಂವಿಧಾನದ ಹಕ್ಕುಗಳನ್ನು ಸಂಗೀತಕ್ಕೆ ಅಳವಡಿಸುವ ಸಾಹಸ ಅಮೆರಿಕದಲ್ಲಿ ಕೆಲವು ಕಾಲದಿಂದ ನಡೆದಿದೆ. ಈ ಮಾತು ಕಿವಿಗೆ ಬಿದ್ದೊಡನೆ ನಮ್ಮ ರಸಿಕರಲ್ಲಿ ಎರಡು ಬಗೆಯವರು ಎದ್ದುನಿಲ್ಲುತ್ತಾರೆ. ಕಾನೂನು ನ್ಯಾಯಾಲಯದಲ್ಲಿರಲಿ, ಸಂಗೀತ ಸಭೆಯಲ್ಲಿರಲಿ, ಎರಡನ್ನೂ ಏಕೆ ಕೆಡಿಸುತ್ತೀರಿ ಎನ್ನುವವರು ಮೊದಲನೆಯವರು. ಹಾಡುವುದಾದರೆ ಹಾಡಲಿ, ಆದರೆ ಇಂಪಾಗಿ ಹಾಡಲಿ. ಪ್ರಯೋಗದ ಹೆಸರಿನಲ್ಲಿ ಕಿವಿಗೆ ಗರಗಸ ಹಾಕುವುದೇಕೆ ಎನ್ನುವವರು ಎರಡನೆಯವರು. ಮೊದಲನೆಯವರೊಡನೆ ನನಗೆ ಹೆಚ್ಚು ಜಗಳವಿಲ್ಲ. ಹಕ್ಕು ವಕೀಲರ ಸ್ವತ್ತಲ್ಲವೆಂದರೆ ಅವರಿಗೆ ಅರ್ಧ ಉತ್ತರವಾಯಿತು. ನನ್ನ ವಾದವೆಲ್ಲ ಎರಡನೆಯವರೊಡನೆ. ಅವರು ಹಕ್ಕಿನ ಮಿತ್ರರಂತೆ ಬಂದು ಹಕ್ಕಿಗೆ ಜೋಗುಳ ಹಾಡಿ ಮಲಗಿಸುವವರು.

ಮೊದಲು ಆ ಪಾಠವನ್ನೇ ನೋಡೋಣ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಹತ್ತು ತಿದ್ದುಪಡಿಗಳಿಗೆ ಹಕ್ಕುಗಳ ಮಸೂದೆಯೆಂದು ಹೆಸರು. ಹಕ್ಕು ಎಂದೊಡನೆ ಯಾರೋ ಏನೋ ಕೊಡುತ್ತಾರೆಂದು ನಾವು ಕೈಯೊಡ್ಡುತ್ತೇವೆ. ಆ ಪಾಠದ ವ್ಯಾಕರಣ ಹಾಗಿಲ್ಲ. ಮಾತಿನ ಮೇಲೆ, ಪತ್ರಿಕೆಯ ಮೇಲೆ, ಧರ್ಮಾಚರಣೆಯ ಮೇಲೆ ಕಟ್ಟುಹಾಕುವ ಕಾನೂನನ್ನು ಕಾಂಗ್ರೆಸ್ಸು ಮಾಡಕೂಡದು. ಶಾಂತಿಕಾಲದಲ್ಲಿ ಮನೆಯೊಡೆಯನ ಒಪ್ಪಿಗೆಯಿಲ್ಲದೆ ಸಿಪಾಯಿಯನ್ನು ಮನೆಯಲ್ಲಿ ಇರಿಸಕೂಡದು. ಸಲ್ಲದ ರೀತಿಯಲ್ಲಿ ಮನೆ ಜಡತಿ ಮಾಡಕೂಡದು. ಕ್ರೂರ ಶಿಕ್ಷೆ ವಿಧಿಸಕೂಡದು. ಹೆಚ್ಚಿನ ಪಾಲು ಇದೇ ‘ಕೂಡದು’. ಇದು ದಾನಪತ್ರವಲ್ಲ, ಬಲವಂತನ ಮುಂದೆ ಎಳೆದ ಗೆರೆ. ಆ ಬಲವಂತ ಗೆರೆ ದಾಟಿದ್ದನ್ನು ಕಂಡವರು ಬರೆದ ಮಾತು. ಈ ‘ಕೂಡದು’ ಎಂಬುದಕ್ಕೆ ಯಾವ ರಾಗ ಹಾಕುತ್ತೀರಿ? ಇಂಪಿನ ಪಕ್ಷದವರು ಇದಕ್ಕೆ ಉತ್ತರ ಹೇಳಬೇಕು.

ಇನ್ನೊಂದು ಪದವಿದೆ, ‘ಹೊರತು’. 1865ರ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ತೊಡೆದುಹಾಕಿತೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದೇ ವಾಕ್ಯದ ನಡುವೆ, ಅಪರಾಧಕ್ಕೆ ವಿಧಿಸಿದ ಶಿಕ್ಷೆಯ ಹೊರತು ಎಂದೊಂದು ಕಿಂಡಿಯಿದೆ. ದಕ್ಷಿಣದ ರಾಜ್ಯಗಳು ಆ ಕಿಂಡಿಯನ್ನು ಹೆಬ್ಬಾಗಿಲು ಮಾಡಿಕೊಂಡವು. ಬಿಡುಗಡೆಯಾದ ಕರಿಯರ ಮೇಲೆ ಅಲೆಮಾರಿತನದಂಥ ಅಪರಾಧ ಹೊರಿಸಿ, ಶಿಕ್ಷೆಯಾದವರನ್ನು ಗಣಿಗೂ ತೋಟಕ್ಕೂ ಬಾಡಿಗೆಗೆ ಕೊಟ್ಟವು. ಈಗ ಈ ವಾಕ್ಯವನ್ನು ಇಂಪಾಗಿ ಹಾಡಿರೆಂದು ಒಬ್ಬ ವಿದ್ವಾಂಸರಿಗೆ ಕೊಡಿ. ಗುಲಾಮಗಿರಿ ಇನ್ನಿಲ್ಲ ಎಂಬಲ್ಲಿ ಅವರ ದನಿ ತಾರಕ್ಕೇರುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ. ಆ ‘ಹೊರತು’ ಒಂದು ಸಂಗತಿಯ ಸುಳಿಯಲ್ಲಿ ಜಾರಿಹೋಗುತ್ತದೆ. ಅವರಲ್ಲಿ ದುರುದ್ದೇಶವಿಲ್ಲ. ಇಂಪಿನ ಸ್ವಭಾವವೇ ಅದು. ಉಬ್ಬುತಗ್ಗುಗಳನ್ನು ನಯಮಾಡುವುದೇ ಅದರ ಕಸಬು. ಆದರೆ ಹೀಗೆ ನಯಮಾಡಿದ ಜಾಗದಲ್ಲೇ ಸಾವಿರಾರು ಜನ ಸಂಕೋಲೆ ತೊಟ್ಟು ಕಲ್ಲಿದ್ದಲು ಅಗೆದರು.

ಹಾಗಾದರೆ ಮಾಡಿದವರು ಹೇಗೆ ಮಾಡಿದ್ದಾರೆ? ನೀಲಿ ಬ್ರೂಸ್ ಎಂಬ ರಚನಕಾರರು ಆ ಹತ್ತು ತಿದ್ದುಪಡಿಗಳನ್ನು ಎಂಟು ಮೇಳಗೀತಗಳಾಗಿ ಮಾಡಿದರು. 2005ರಲ್ಲಿ ಅವು ಮೊದಲು ಹಾಡಲ್ಪಟ್ಟವು. ಸಾರಾಂಶವನ್ನು ಪದ್ಯಮಾಡುವ ಸುಲಭದ ದಾರಿ ಬಿಟ್ಟು, ಶಾಸನದ ಗದ್ಯವನ್ನೇ ಹಾಡಿಗೆ ಕೊಟ್ಟದ್ದು ಅವರ ಹೆಚ್ಚುಗಾರಿಕೆ. ಯಾವ ಕವಿಯೂ ಮುಟ್ಟದ ಸಿಪಾಯಿಯ ವಿಷಯಕ್ಕೂ ಅಲ್ಲಿ ಸ್ಥಳವಿದೆ. 2018ರಲ್ಲಿ ನ್ಯೂಯಾರ್ಕಿನ ರೇಡಿಯೋದವರು ಇಪ್ಪತ್ತೇಳು ತಿದ್ದುಪಡಿಗಳಿಗೂ ಹಾಡು ಮಾಡಿಸಿ ಒಂದು ಸಂಪುಟ ತಂದರು. ಮಹಿಳೆಯರ ಮತದಾನದ ಹಕ್ಕನ್ನು ಕುರಿತು ಡಾಲಿ ಪಾರ್ಟನ್ ಹಾಡಿದರು. ಜನಪ್ರಿಯತೆಗೆ ಅದು ಒಳ್ಳೆಯದೇ. ಆದರೆ ಹಕ್ಕಿನ ಕಥೆಯನ್ನು ಹಾಡುವುದು ಬೇರೆ, ಹಕ್ಕಿನ ಮಾತನ್ನೇ ಹಾಡುವುದು ಬೇರೆ. ಕಥೆ ಕೇಳಿ ಕಣ್ಣೊರಸಿಕೊಂಡು ಮನೆಗೆ ಹೋಗಬಹುದು. ಮಾತು ಹಾಗಲ್ಲ, ಅದು ನಮ್ಮ ಬೆನ್ನುಬಿಡದು.

ಬೆನ್ನುಬಿಡದ ಸಂಗೀತಕ್ಕೆ ನಾನು ಕೊಡುವ ನಿದರ್ಶನ 1966ರದು. ಅದರಲ್ಲಿ ಸಂವಿಧಾನದ ಒಂದು ಪದವೂ ಇಲ್ಲ, ಸಂವಿಧಾನ ಮುರಿದುಬಿದ್ದ ಜಾಗ ಮಾತ್ರ ಇದೆ. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ 1964ರಲ್ಲಿ ಪೋಲೀಸರು ಡೇನಿಯಲ್ ಹ್ಯಾಮ್ ಎಂಬ ಕರಿಯ ಹುಡುಗನನ್ನು ಠಾಣೆಯಲ್ಲಿ ಬಡಿದರು. ರಕ್ತ ಸುರಿಯುತ್ತಿದ್ದವರನ್ನು ಮಾತ್ರ ಆಸ್ಪತ್ರೆಗೆ ಒಯ್ಯುತ್ತಿದ್ದರು. ಹ್ಯಾಮನ ಪೆಟ್ಟುಗಳು ಒಳಪೆಟ್ಟುಗಳು. ಅವನು ತನ್ನ ಬಾವನ್ನು ತಾನೇ ಹಿಸುಕಿ ರಕ್ತ ಹೊರಬರಿಸಿ ತೋರಿಸಬೇಕಾಯಿತು. ಮುಂದೆ ಅವನೂ ಜೊತೆಯ ಐವರೂ ಕೊಲೆಯ ಮೊಕದ್ದಮೆಯಲ್ಲಿ ಸಿಕ್ಕಿ ಶಿಕ್ಷೆಗೊಳಗಾದರು. ಮರುವಿಚಾರಣೆಗಾಗಿ ನಿಧಿ ಕೂಡಿಸಲು ಏರ್ಪಟ್ಟ ಸಭೆಗೆಂದು ಸ್ಟೀವ್ ರೈಖ್ ಎಂಬ ತರುಣ ರಚನಕಾರರು ಹ್ಯಾಮನ ಧ್ವನಿಮುದ್ರಿಕೆಯಿಂದಲೇ ಒಂದು ಕೃತಿ ಮಾಡಿದರು. ರಕ್ತ ತೋರಿಸಿದ ಆ ಮಾತು ಮೊದಲು ಮೂರು ಸಲ ಸ್ಪಷ್ಟವಾಗಿ ಕೇಳಿಸುತ್ತದೆ. ಆಮೇಲೆ ಅದರ ಬಾಲದ ಕೆಲವೇ ಪದಗಳು ಎರಡು ಟೇಪುಗಳಲ್ಲಿ ತಿರುಗತೊಡಗುತ್ತವೆ. ಒಂದು ಟೇಪು ಮತ್ತೊಂದಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಒಂದು ದನಿ ಎರಡಾಗಿ, ನಾಲ್ಕಾಗಿ, ಎಂಟಾಗಿ, ಹದಿಮೂರು ನಿಮಿಷಗಳ ಹೊತ್ತಿಗೆ ಮಾತೆಲ್ಲ ಕರಗಿ ಬರಿಯ ಮೊರೆತ ಉಳಿಯುತ್ತದೆ.

ಇಲ್ಲಿ ಎದುರಾಳಿಯ ಅತ್ಯುತ್ತಮ ಬಾಣ ಬರುತ್ತದೆ. ಮಾತು ಕರಗಿದ ಮೇಲೆ ಹಕ್ಕೆಲ್ಲಿ ಉಳಿಯಿತು ಸ್ವಾಮೀ? ಆ ಬಡಪಾಯಿಯ ಸೊಲ್ಲನ್ನು ಯಂತ್ರಕ್ಕೆ ಕೊಟ್ಟು ನುಣ್ಣಗೆ ಅರೆದದ್ದು ಇನ್ನೊಂದು ಅನ್ಯಾಯವಲ್ಲವೆ? ಇದು ತೂಕದ ಪ್ರಶ್ನೆ. ನನ್ನ ಉತ್ತರವಿಷ್ಟು: ಅರೆಯುವ ಮೊದಲು ಮಾತನ್ನು ನಮಗೆ ಕೇಳಿಸಿದ್ದಾರೆ, ಅದೂ ಮೂರು ಸಲ. ಆದುದರಿಂದ ಮುಂದೆ ಕಳೆದುಹೋಗುವುದು ಏನೆಂದು ಕೇಳುವವನಿಗೆ ಗೊತ್ತಿದೆ. ದೂರು ಹೇಳಿಕೊಂಡವನ ಮಾತು ಠಾಣೆಯಿಂದ ನ್ಯಾಯಾಲಯಕ್ಕೆ, ಕಡತದಿಂದ ಕಡತಕ್ಕೆ ಸಾಗುತ್ತ ಹೇಗೆ ಬರಿಯ ಸದ್ದಾಗುತ್ತದೆಂಬುದನ್ನು ಆ ಹದಿಮೂರು ನಿಮಿಷ ಕಿವಿಯಿಂದಲೇ ಅನುಭವಿಸಬೇಕು. ಇಂಪಿನ ಹಾಡಿನಲ್ಲೂ ಮಾತು ಕಳೆದುಹೋಗುತ್ತದೆ. ಕಳೆದದ್ದು ನಮಗೆ ತಿಳಿಯುವುದಿಲ್ಲ, ಅಷ್ಟೇ. ಕಳವಾದ ಮನೆಯಲ್ಲಿ ಕಳವು ತಿಳಿದವನು ಎಚ್ಚರದವನೋ, ತಿಳಿಯದೆ ನಿದ್ರಿಸಿದವನೋ?

ಮಾತಿಲ್ಲದೆಯೂ ಇದು ಸಾಧ್ಯವೆಂಬುದಕ್ಕೆ ವಾಡಾಡಾ ಲಿಯೋ ಸ್ಮಿತ್ ಸಾಕ್ಷಿ. ಈ ತುತೂರಿ ವಾದಕರು 1977ರಿಂದ ಮೂರು ದಶಕಗಳಿಗೂ ಮೀರಿ ಬರೆಯುತ್ತ ಬಂದ ಹತ್ತೊಂಬತ್ತು ರಚನೆಗಳು 2012ರಲ್ಲಿ ನಾಲ್ಕು ಮುದ್ರಿಕೆಗಳಲ್ಲಿ ಹೊರಬಂದವು. ಒಂದರ ಹೆಸರು ಡ್ರೆಡ್ ಸ್ಕಾಟ್; ಕರಿಯನು ಪ್ರಜೆಯಾಗಲಾರನೆಂದ 1857ರ ತೀರ್ಪಿನದು. ಇನ್ನೊಂದು, ಬಣ್ಣ ನೋಡಿ ಶಾಲೆ ಬೇರ್ಪಡಿಸಕೂಡದೆಂದ 1954ರ ತೀರ್ಪಿನದು. ಅಲ್ಲಿ ಗುನುಗಿಕೊಂಡು ಹೋಗುವಂಥ ಪಲ್ಲವಿ ಸುಲಭವಾಗಿ ಕೈಗೆ ಸಿಗದು. ಎರಡು ತೀರ್ಪುಗಳ ನಡುವೆ ತೊಂಬತ್ತೇಳು ವರ್ಷ. ಅವನ್ನು ಬದುಕಿ ದಾಟಿದವರಿಗೆ ಯಾವ ಪಲ್ಲವಿ ಕೈಗೆ ಸಿಕ್ಕಿತ್ತು?

ದೂರದ ಮಾತು ಸಾಕು, ನಮ್ಮಲ್ಲಿಗೆ ಬರೋಣ. ಛಂದಸ್ಸಿಗೆ ಒಳಗಾಗದ ವಚನಗಳನ್ನು ಮಲ್ಲಿಕಾರ್ಜುನ ಮನಸೂರರಂಥ ಮಹಾಗಾಯಕರು ಹಾಡಿ ಮನೆಮನೆಗೆ ಮುಟ್ಟಿಸಿದರು; ಆ ಋಣ ದೊಡ್ಡದು. ಆದರೆ ಅವರ ನೆರಳಲ್ಲಿ ಬೆಳೆದ ಸುಗಮ ಹಾಡಿಕೆಯಲ್ಲಿ, ಜಾತಿಯ ಮುಖಕ್ಕೆ ಎಸೆದ ಸವಾಲೂ ಮಂಗಳಾರತಿಯ ಧಾಟಿಯಲ್ಲಿ ತೇಲಿಬರುವುದನ್ನು ಕೇಳಿದ್ದೇವೆ. ತರಗತಿಯಲ್ಲಿ ಅಂಥ ವಚನವನ್ನು ಪಾಠಮಾಡುವಾಗ ಹುಡುಗರು ಧಾಟಿಯನ್ನು ಬಲ್ಲರು, ಸವಾಲನ್ನು ಅರಿಯರು. ಕರ್ನಾಟಕದ ಶಾಲಾ ಕಾಲೇಜುಗಳಲ್ಲಿ 2023ರಲ್ಲಿ ಸಂವಿಧಾನದ ಪೀಠಿಕೆಯ ಸಾಮೂಹಿಕ ಓದು ಆರಂಭವಾಯಿತು. ಒಳ್ಳೆಯ ಕೆಲಸವೇ. ಆದರೆ ಒಕ್ಕೊರಲ ಓದಿಗೂ ಒಂದು ಲಯ ಹತ್ತಿಕೊಳ್ಳುತ್ತದೆ, ಮಗ್ಗಿಯ ಲಯ. ನ್ಯಾಯ, ಸ್ವಾತಂತ್ರ್ಯ, ಸಮಾನತೆ ಎಂಬವು ಎರಡೊಂದ್ಲ ಎರಡು ಎಂಬಂತೆ ಹೊರಬಿದ್ದರೆ ಬಾಯಿಗೆ ಬಂತು, ಬುದ್ಧಿಗೆ ಬರಲಿಲ್ಲ.

ನಾಳೆ ನಮ್ಮವರೊಬ್ಬರು ನಮ್ಮ ಹತ್ತೊಂಬತ್ತನೆಯ ವಿಧಿಗೆ ಸಂಗೀತ ಹಾಕಲು ಹೊರಟಾರು; ಹೊರಡಲೆಂದೇ ನನ್ನ ಆಸೆ. ಅದರ ಮೊದಲ ಖಂಡ ವಾಕ್ ಸ್ವಾತಂತ್ರ್ಯವನ್ನು ಹೇಳುತ್ತದೆ, ಎರಡನೆಯ ಖಂಡ ಯಾವ ಯಾವ ಕಾರಣಕ್ಕೆ ಅದಕ್ಕೆ ಕಟ್ಟುಹಾಕಬಹುದೆಂದು ಹೇಳುತ್ತದೆ. ಆ ಕಟ್ಟು ಸಮಂಜಸವಾಗಿರಬೇಕೆಂಬ ಪದ 1951ರ ಮೊದಲ ತಿದ್ದುಪಡಿಯಲ್ಲಿ ಅಲ್ಲಿ ಸೇರಿತು. ಮೊದಲ ಖಂಡವನ್ನಷ್ಟೇ ಹಾಡಿ ತಂಬೂರಿ ಕೆಳಗಿಟ್ಟರೆ ಆ ಹಾಡಿಗೆ ನನ್ನ ಚಪ್ಪಾಳೆ ಇಲ್ಲ. ಎರಡೂ ಖಂಡಗಳು ಒಂದರ ಮೈಗೊಂದು ಉಜ್ಜಲಿ, ಶ್ರುತಿ ಕೆಟ್ಟಂತೆ ಕೇಳಿದರೂ ಸರಿ. ಆ ‘ಸಮಂಜಸ’ವನ್ನು ನಿರ್ಣಯಿಸುವವರಾರು ಎಂದು ಸಭೆಯಲ್ಲಿ ಒಬ್ಬನಾದರೂ ಪಕ್ಕದವನನ್ನು ಕೇಳುವಂತಾದರೆ ಸಂಗೀತ ತನ್ನ ಕೆಲಸ ಮಾಡಿತೆನ್ನುತ್ತೇನೆ. ಇಂಪು ಬೇಕಾದವರಿಗೆ ನಮ್ಮಲ್ಲಿ ಬೇರೆ ಕೀರ್ತನೆಗಳು ಬೇಕಾದಷ್ಟಿವೆ.